ಪಾದ್ರಿಯ ಸೌತೆಕಾಯಿ

ನನ್ನ ಭಾವನ ಮನೆಯಲ್ಲಿ ಸೀನಬೇಕಾದರೂ ಹಿತ್ತಿಲಿಗೆ ಹೋಗಬೇಕಿತ್ತು. ಇದು ನಡೆದ ಸಂಗತಿ. ನಾನಾಗಿ ಒಂದೇ ಒಂದು ಸೀನನ್ನೂ ಸೇರಿಸಿಲ್ಲ.

ಭಾವನ ಹೆಸರು ಓಬೆ. ಹಾರ್ಲಿಂಗನ್ ಬಂದರಿನ ಹಿಂದಿನ ಬೀದಿಯಲ್ಲಿ ಮನೆ, ಮುಂಕೋಣೆಯಲ್ಲಿ ಗಾಜಿನ ತೊಟ್ಟಿ. ತೊಟ್ಟಿಯೊಳಗೆ ಬಗೆಬಗೆಯ ಮೀನುಗಳ ಸಹಬಾಳ್ವೆ. ಮೇಲೆ ಮಿಣಮಿಣ ಹೊಳೆಯುವ ಪುಟಾಣಿ ನಿಯಾನ್ ಮೀನುಗಳು. ತಳದಲ್ಲಿ, ಒಂದು ಕಾಲಕ್ಕೆ ಜಿನ್ ಮದ್ಯ ತುಂಬಿದ್ದ ಹಳೆಯ ಮಣ್ಣಿನ ಕುಡಿಕೆಯೊಳಗೆ, ಒಂದು ಕ್ಯಾಟ್‌ಫಿಶ್. ಕಪ್ಪು ಮೈ, ಕೊರಳಿಗೊಂದು ಬಿಳಿ ಪಟ್ಟಿ, ಉದ್ದನೆಯ ಮೀಸೆ. ಹಾಗಾಗಿ ಅದಕ್ಕೆ ಪಾದ್ರಿ ಎಂದು ಹೆಸರು. ಪಾದ್ರಿಗೆ ಮಹಾ ಸಂಕೋಚವಂತೆ. ಎಷ್ಟು ಸಂಕೋಚವೆಂದರೆ, ಅಂಗಡಿಯಿಂದ ತಂದು ಬಿಟ್ಟ ದಿನ ಕುಡಿಕೆಗೆ ನುಗ್ಗಿದವನನ್ನು ಆಮೇಲೆ ಯಾರೂ ಕಂಡಿರಲಿಲ್ಲ. ಕಾಣದಿದ್ದಷ್ಟೂ ಓಬೆಯ ಭಕ್ತಿ ಹೆಚ್ಚಿತು.

ಅವನಿಗೆ ಉಣಿಸುವ ವಿಧಿಯನ್ನು ನೋಡಬೇಕಿತ್ತು. ಓಬೆ ಪರದೆ ಎಳೆಯುತ್ತಿದ್ದ. ತೊಟ್ಟಿಯ ದೀಪ ಆರಿಸುತ್ತಿದ್ದ. ಚಪ್ಪಲಿ ಕಳಚಿ, ಕಾಲುಚೀಲದಲ್ಲಿ ಜಾರುತ್ತ ಬಂದು, ಸೌತೆಕಾಯಿ ಬಿಲ್ಲೆಯೊಂದನ್ನು ಫೋರ್ಕಿಗೆ ಚುಚ್ಚಿ ಕುಡಿಕೆಯ ಬಾಯಿಗೆ ಇಳಿಸುತ್ತಿದ್ದ. ಬೆಳಗಾಗುವಷ್ಟರಲ್ಲಿ ಬಿಲ್ಲೆ ಮಾಯ. ತೊಟ್ಟಿಯ ತುಂಬ ಹೊಟ್ಟೆಬಾಕ ಬಸವನಹುಳುಗಳಿದ್ದವು, ಆದರೆ ಅವುಗಳಿಗೆ ಕೊರಳಪಟ್ಟಿ ಇರಲಿಲ್ಲವಲ್ಲ, ಓಬೆ ಗಣನೆಗೆ ತೆಗೆದುಕೊಳ್ಳಲಿಲ್ಲ. ‘ಪಾದ್ರಿಗಳು ಊಟ ಮಾಡಿದ್ರು’ ಎಂದು ಪಿಸುಗುಟ್ಟುತ್ತಿದ್ದ. ಊರಿನ ಮೀನು ಸಾಕುವವರ ಸಂಘದಲ್ಲಿ ‘ತಳವಾಸಿಗಳ ಸಸ್ಯಾಹಾರ’ ಎಂಬ ಭಾಷಣವನ್ನೂ ಬಿಗಿದ. ಕಾಣದ ಮೀನಿನ ಬಗ್ಗೆ ಅಷ್ಟು ಹೊತ್ತು ಮಾತಾಡಲು ನಿಜಕ್ಕೂ ಪಾದ್ರಿಯ ಗಂಟಲೇ ಬೇಕು.

ಮನೆಯಲ್ಲಿ ಮಾತ್ರ ಎಲ್ಲ ಪಿಸುಮಾತೇ. ಮೀಸೆಗೆ ಮೀಸಲಿಟ್ಟ ಮೌನ. ಅದರ ಭಾರ ಹೊತ್ತವಳು ನನ್ನ ಅಕ್ಕ ಹಿಸ್ಕೆ. ಈ ನಡುವೆ ನಿಯಾನ್ ಮೀನುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ನಮ್ಮೂರ ಚರ್ಚಿನಲ್ಲಾಗುವಂತೆ ಪಾದ್ರಿ ಇದ್ದಲ್ಲೇ ಇದ್ದ, ಸಭೆ ಕರಗುತ್ತಿತ್ತು.

“ನಿನ್ನ ಆ ಕಸ ಹೀರೋ ಯಂತ್ರದ ಸದ್ದಿಗೆ ಎದೆ ಒಡೆದು ಸತ್ತಿವೆ,” ಎಂದ ಓಬೆ.

“ಸತ್ತಿದ್ರೆ ಹೆಣ ಎಲ್ಲಿ, ಓಬೆ?”

“ಅದೆಲ್ಲ ನಿನಗೆ ತಿಳಿಯಲ್ಲ ಬಿಡು.”

ಅಂದಿನಿಂದ ಅಕ್ಕನ ಕೈಗೆ ಪೊರಕೆ ಬಂತು. ಆಮೇಲೆ ಅವಳ ಐವತ್ತನೇ ಹುಟ್ಟುಹಬ್ಬ ಹತ್ತಿರವಾಯಿತು. ಓಬೆ ತಲೆಯಾಡಿಸಿದ. “ಈ ವರ್ಷ ಬೇಡ. ಅಷ್ಟು ಜನ ಬಂದ್ರೆ ಪಾದ್ರಿ ಹೆದರಿ ಪ್ರಾಣ ಬಿಡ್ತಾನೆ.” ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದಳು. ಅಳುವುದಕ್ಕೂ ನಲ್ಲಿಯ ಮರೆ ಬೇಕಾದ ಮನೆ ಅದು. ಅಕ್ಕನಿಗೆ ಅವಳ ಮುಂಕೋಣೆಯನ್ನು ವಾಪಸು ಕೊಡಿಸದಿದ್ದರೆ ನಾನು ತಮ್ಮನೇ ಅಲ್ಲ ಎಂದುಕೊಂಡೆ.

ಪಿಸುಮಾತಿನಲ್ಲಿ ಒಂದು ಅನುಕೂಲವಿದೆ: ಎಲ್ಲರದೂ ಒಂದೇ ಥರ ಕೇಳುತ್ತದೆ. ನೆಂಟರಿಗೆಲ್ಲ ಫೋನು ಮಾಡಿದೆ. “ನಾನು ಓಬೆ. ಶನಿವಾರ ಮಧ್ಯಾಹ್ನ ನಮ್ಮ ಪಾದ್ರಿಯ ಹುಟ್ಟುಹಬ್ಬ. ಹೊರಗೆ ಬರೋ ಸೂಚನೆ ಇದೆ. ಬನ್ನಿ.” ಬೌಕೆ ಚಿಕ್ಕಮ್ಮನಿಗೆ ಮಾತ್ರ ಕಿವಿ ಮಂದ, ಎದುರಿಗೆ ನಿಂತು ಕೂಗಿ ಹೇಳಿದೆ. ನಮ್ಮಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರು ತೂಗುವುದು ಪಾಯಿಖಾನೆಯಲ್ಲಿ. ಅಕ್ಕನ ಮನೆಯ ಕ್ಯಾಲೆಂಡರಿನಲ್ಲಿ, ಆ ಶನಿವಾರಕ್ಕೇ ಬಿದ್ದಿದ್ದ ಹಿಸ್ಕೆಯ ಹೆಸರಿನ ಕೆಳಗೆ ‘ಪಾದ್ರಿ’ ಎಂದೂ ಬರೆದಿಟ್ಟೆ.

ಶನಿವಾರ ಕರೆಗಂಟೆ ಬಡಿಯಿತು. ಬಡಿಯುತ್ತಲೇ ಇತ್ತು. ಬಂದವರೆಲ್ಲ ಓಬೆಯ ಕೈ ಕುಲುಕಿದರು. “ಅಭಿನಂದನೆ ಓಬೆ, ನಿನ್ನ ಪಾದ್ರಿಗೆ!” ನಮ್ಮಲ್ಲಿ ಮನೆಮಂದಿಗೆಲ್ಲ ಅಭಿನಂದನೆ ಹೇಳುವುದು ರೂಢಿ, ಹಾಗಾಗಿ ಅಕ್ಕನ ಸರದಿಯೂ ಬಂತು.

“ಅಭಿನಂದನೆ ಹಿಸ್ಕೆ, ನಿನ್ನ ಪಾದ್ರಿಗೆ!” ಎಂದು ಬೌಕೆ ಚಿಕ್ಕಮ್ಮ ಅಬ್ಬರಿಸಿದಳು.

“ನಂದೂ ಇವತ್ತೇ, ಚಿಕ್ಕಮ್ಮಾ!”

“ಏನು, ಅವಳಿಜವಳಿನಾ?”

ಓಬೆ ನನ್ನನ್ನು ಮೂಲೆಗೆ ಎಳೆದ. “ಯಾರ ಕೆಲಸವೋ ಇದು?”

“ನೀನೇ ಫೋನ್ ಮಾಡಿದ್ಯಂತಲ್ಲ, ಭಾವ,” ಎಂದೆ, ಅವನದೇ ಪಿಸುದನಿಯಲ್ಲಿ. ಅವನ ಕಣ್ಣು ಕೆಂಪಾಯಿತು. ಆದರೆ ಕಾಲುಚೀಲದಲ್ಲಿ ನಿಂತವನು ಎಷ್ಟು ತಾನೇ ಗದರಿಸಿಯಾನು?

ಕುರ್ಚಿಗಳು ದುಂಡಗೆ ಕೂತವು. ಕಾಫಿ ಬಂತು, ತಲೆಗೊಂದು ಕೇಕಿನ ತುಂಡೂ ಬಂತು. ಪಾಯಿಖಾನೆಗೆ ಹೋಗಿ ಬಂದ ಚಿಕ್ಕಮ್ಮ ಸಾರಿದಳು: “ಕ್ಯಾಲೆಂಡರ್‌ನಲ್ಲೂ ಹಾಕಿದೆ! ಎಲ್ಲಿ, ಕರೀ ನಿನ್ನ ಪಾದ್ರೀನ!”

“ಅವನು ಬರಲ್ಲ,” ಎಂದ ಓಬೆ. ತೊಟ್ಟಿಗೆ ಬೆನ್ನು ಕೊಟ್ಟು, ಕುಡಿಕೆಯನ್ನು ಮರೆಮಾಡಿ ನಿಂತಿದ್ದ. ಮುಖ ಸುಣ್ಣದಂತಿತ್ತು. ಆ ಮುಖ ನೋಡಿದಾಗ ನನಗೆ ಮೊದಲ ಬಾರಿ ಅನುಮಾನ ಬಂತು: ಕುಡಿಕೆಯಲ್ಲಿ ಏನಾದರೂ ಇದೆ ಎಂದು ಇವನಿಗೇ ನಂಬಿಕೆ ಇಲ್ಲ!

“ಏನಂದ?” ಎಂದಳು ಚಿಕ್ಕಮ್ಮ.

“ಬರಲ್ವಂತೆ!” ಎಂದು ಕೂಗಿದೆ.

“ಬರೀ ಕೈಲಿ ಕರೆದ್ರೆ ಯಾವ ಪಾದ್ರಿ ಬರ್ತಾನೆ?” ಚಿಕ್ಕಮ್ಮ ಎದ್ದು, ಭಾವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಬಂದರಿನಿಂದ ಉಡುಗೊರೆಗೆಂದು ತಂದಿದ್ದ ಕಾಗದದ ಪೊಟ್ಟಣ ಬಿಚ್ಚಿ, ಸುಲಿದ ಸಿಗಡಿಯನ್ನು ಹಿಡಿಯಷ್ಟು ನೀರಿಗೆ ಹಾಕಿಬಿಟ್ಟಳು.

“ಚಿಕ್ಕಮ್ಮಾ! ಅವನು ಸಸ್ಯಾಹಾರಿ!” ಎಂದು ಓಬೆ ಚೀರಿದ.

ಕುಡಿಕೆ ಅಲುಗಿತು. ಮೊದಲು ಮೀಸೆ ಹೊರಬಂತು, ಆಮೇಲೆ ತಲೆ. ಮಿಕ್ಕ ಮೈ ಸಿಕ್ಕಿಕೊಂಡಿತು, ಅಷ್ಟು ದಪ್ಪ. ಕೊಸರಾಡಿ, ತುಂಬಿ ಉಬ್ಬಿದ ಯಕೃತ್ತಿನ ಸಾಸೇಜಿನಂತಹ ಒಡಲನ್ನು ಎಳೆದುಕೊಂಡು, ಪಾದ್ರಿ ತುಂಬಿದ ಸಭೆಗೆ ದಯಮಾಡಿಸಿದ. ನೆಲದ ಸಿಗಡಿಯನ್ನೆಲ್ಲ ಗುಡಿಸಿದ. ವಾಪಸು ಹೋಗುವ ದಾರಿಯಲ್ಲಿ, ಊಟದ ಮೇಲೆ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಸಲೀಸಾಗಿ, ಒಂದು ನಿಯಾನ್ ಮೀನನ್ನೂ ಗುಳುಂ ಮಾಡಿದ.

ಎಲ್ಲರ ಕತ್ತೂ ಓಬೆಯ ಕಡೆ ತಿರುಗಿತು.

“ನನ್ನ ಕಸ ಹೀರೋ ಯಂತ್ರ ಮೇಲಿನ ಕಪಾಟಲ್ಲಿದೆ,” ಎಂದಳು ಅಕ್ಕ, ಪೂರಾ ದನಿಯಲ್ಲಿ. “ನಾಳೆ ಇಳಿಸಿಕೊಡು, ಓಬೆ.”

ಓಬೆಯ ಭುಜ ನಡುಗಿತು. ಗಂಟಲಲ್ಲಿ ಕೆಟಲಿನ ಸದ್ದಾಯಿತು. ಅಳುತ್ತಿದ್ದಾನೆ ಎಂದುಕೊಂಡೆ, ಒಂದಿಷ್ಟು ಖುಷಿಯೂ ಆಯಿತು.

“ಬದುಕಿದ್ದಾನೆ ಕಣೋ!” ಎಂದ. “ಖಾಲಿ ಕುಡಿಕೆಗೇ ಸೌತೆಕಾಯಿ ಹಾಕ್ತಿದ್ದೀನಿ ಅನ್ಕೊಂಡಿದ್ದೆ! ಮೀನೆಲ್ಲಿ ಅಂತ ಯಾರಾದ್ರೂ ಕೇಳ್ತಾರೆ ಅಂತಾನೇ ಎಲ್ಲರ ಬಾಯಿ ಮುಚ್ಚಿಸಿದ್ದು! ನಿಯಾನ್ ತಂದು ತಂದು ಸಾಕಿದ್ದೀನಲ್ಲೋ, ಈ... ಈ ಸಸ್ಯಾಹಾರೀನ!”

“ಶ್ಶ್! ಪಾದ್ರಿಗೆ ಕೇಳಿಸುತ್ತೆ,” ಎಂದು ಅಕ್ಕ ಅವನಂತೆಯೇ ಪಿಸುಗುಟ್ಟಿದಳು.

ಕೋಣೆಯೆಲ್ಲ ಒಮ್ಮೆಲೇ ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ, ತೊಡೆ ತಟ್ಟಿಕೊಂಡು, ತೊಟ್ಟಿಯ ಗಾಜು ನಡುಗುವಂತೆ ನಕ್ಕವನು ಓಬೆಯೇ. ಪಾದ್ರಿ ಮೀಸೆ ಕೂಡ ಅಲ್ಲಾಡಿಸಲಿಲ್ಲ.