ಹಳ್ಳದ ಹೊಲಕ್ಕೆ ದಾರಿ

ಅನ್ನಪೂರ್ಣ ಕಡಲೆಯ ಕುಡಿ ಚಿವುಟಿ ಉಡಿಗೆ ಹಾಕಿಕೊಳ್ಳುತ್ತ ನಾಲ್ಕನೆಯ ಸಾಲಿಗೆ ಬಂದಿದ್ದಳು. ಹುಳಿ ಹತ್ತಿ ಬೆರಳ ತುದಿ ಚುರುಗುಟ್ಟುತ್ತಿತ್ತು. ಕುಡಿ ಚಿವುಟಿದರೆ ಗಿಡ ಟಿಸಿಲೊಡೆಯುತ್ತದೆ, ಪಲ್ಯಕ್ಕೂ ಆಗುತ್ತದೆ. ಆದರೆ ಈ ಸಲ ಅವಳಿಗಿಂತ ಮೊದಲೇ ಚಿಗರಿ ಜಿಂಕೆಗಳು ಚಿವುಟಿ ಹೋಗಿದ್ದವು. ಅವು ಕುಡಿಗೆ ನಿಲ್ಲುವುದಿಲ್ಲ, ಬುಡದ ತನಕ ಮೇಯುತ್ತವೆ.

ಅಂತೂರ ಬೆಂತೂರದ ಎರೆಹೊಲಗಳಿಗೆ ಚಿಗರಿ ಹೊಸದಲ್ಲ. ಮೊದಲೊಬ್ಬ ಹಳೆಯ ಸೀರೆಗಳನ್ನು ಗೂಟಕ್ಕೆ ಬಿಗಿದು ಬೇಲಿ ಮಾಡಿದ. ಹಿಂಡು ಪಕ್ಕದವನ ಹೊಲಕ್ಕೆ ನುಗ್ಗಿತು, ಅವನೂ ಬಿಗಿದ. ಹಾಗೇ ಒಬ್ಬರ ಹಿಂದೊಬ್ಬರು ಬಿಗಿದು, ಕಡೆಗೆ ಬಯಲಾಗಿ ಉಳಿದದ್ದು ಹಳ್ಳದ ದಂಡೆಯ ಮೂರೆಕರೆ, ಗಂಡ ತೀರಿದ ಮೇಲೆ ಅನ್ನಪೂರ್ಣಳ ಪಾಲಿಗೆ ಬಂದದ್ದು. ಅವಳ ಹಳೆಯ ಸೀರೆಗಳನ್ನು ಅವಳಿನ್ನೂ ಉಡುತ್ತಿದ್ದಳು.

ಈಗ ಸೀರೆ ಹೋಗಿ ಅರಣ್ಯ ಇಲಾಖೆಯ ತಂತಿಬೇಲಿಯ ಮಾತು ನಡೆದಿತ್ತು. ಬೇಲಿ ಅವಳ ಹೊಲಕ್ಕೂ ಭಾವ ಕಳಕಪ್ಪನ ಹೊಲಕ್ಕೂ ನಡುವಿನ ಬದುವಿನ ಮೇಲೆ ಹಾಯಬೇಕು. ಅವಳ ಹೊಲ, ಚಿಗರಿ, ಹಳ್ಳ ಮೂರೂ ಆಚೆಗೆ. ಬದು ಇಬ್ಬರದೂ ಆದ್ದರಿಂದ ಅವಳ ಒಪ್ಪಿಗೆಪತ್ರ ಬೇಕಿತ್ತು. ಅದು ಎರಡು ತಿಂಗಳಿಂದ ಅವಳ ಟ್ರಂಕಿನಲ್ಲಿತ್ತು.

ಬದುವಿನ ಮೇಲೆ ಕಳಕಪ್ಪ ಬಂದು ನಿಂತ. "ಸಹಿ ಆತೇನವ್ವಾ?"

"ಓದಾಕ ಹತ್ತೀನ್ರಿ, ಭಾವಾರ."

"ಎರಡು ತಿಂಗಳಾತು. ಪುರಾಣ ಹಚ್ಚಿದ್ರೂ ಮುಗದು ಮಂಗಳಾರತಿ ಆಗಿರತಿತ್ತು."

"ತಂತಿ ಬಂದ್ರ ನಾ ಹೊಲಕ್ಕ ಬರೂದು ಹ್ಯಾಂಗ್ರಿ? ರಸ್ತೆಕ್ಕ ಇರೂದು ನಿಮ್ಮ ಹೊಲದಾಗಿನ ದಾರಿ ಒಂದ."

"ಗೇಟ ಇಡಸ್ತೀನಿ. ಚಾವಿ ನಮ್ಮನ್ಯಾಗ ಇರತೈತಿ, ಕೇಳಿ ಇಸ್ಕೊಂಡ್ರಾತು."

"ಕಾಗದದಾಗ ಗೇಟ ಬರದಿಲ್ಲಲ್ರಿ."

ಕಳಕಪ್ಪ ನಕ್ಕ. "ಎಲ್ಲಾ ಕಾಗದದಾಗ ಬರಿತಾರೇನು? ದಿನಾ ನಮ್ಮ ಬೋರಿನ ನೀರು ತುಂಬ್ಕೊಂಡು ಹೋಗ್ತಿ. ಅದನ್ನ ಯಾವ ಕಾಗದದಾಗ ಬರದೇವಿ?"

ನಗುತ್ತಲೇ ಹೋದ. ಅನ್ನಪೂರ್ಣಳ ಕೈ ಅಲ್ಲೇ ನಿಂತಿತು. ಗೋಡೆಗೆ ಗೋಡೆ ಹತ್ತಿದ ಮನೆ, ಮುಂಜಾನೆ ಎದ್ದರೆ ಅವರ ಮುಖ. ಒಲ್ಲೆನೆಂದರೆ ನೀರು ಹೋಗುತ್ತದೆ, ಹೂಂ ಎಂದರೆ ಹೊಲವೇ ಹೋಗುತ್ತದೆ.

ಅಷ್ಟರಲ್ಲಿ ಪಕ್ಕದ ಹೊಲದವರ ಕೂಗು ಕೇಳಿತು. ಒಂಟಿ ಗಂಡು ಚಿಗರಿಯೊಂದು ಅವಳ ಕಡಲೆಗೆ ಹಾರಿತು. ಹಿಂದಿನ ದಿನ ಕರಿಗಂಡೊಂದು ಇದರ ಕೋಡಿಗೆ ಕೋಡು ಕೊಟ್ಟು ಹಿಂಡಿನಿಂದ ಅಟ್ಟಿದ್ದನ್ನು ಅವಳು ಕಂಡಿದ್ದಳು. ಅದು ಬಲಕ್ಕೋಡಿತು, ಸೀರೆ ಪಟಪಟ ಅಂದಿತು. ಎಡಕ್ಕೋಡಿತು, ಅಲ್ಲೂ ಸೀರೆ. ಹಳ್ಳದ ಕಡೆ ತಿರುಗಿತು. ಅಲ್ಲಿ ಆ ಕರಿಗಂಡು ತಲೆಯೆತ್ತಿ ನಿಂತಿತ್ತು. ಒಂಟಿ ಚಿಗರಿ ಮೂರು ಸುತ್ತು ಹಾಕಿ ನಡುಹೊಲದಲ್ಲಿ ಬಾಯಿ ತೆರೆದು ನಿಂತಿತು. ಪಕ್ಕೆ ಏರಿಳಿಯುತ್ತಿತ್ತು. ಕಾಲಡಿಯ ಹಸಿರಿಗೆ ಬಾಯಿ ಹಾಕಲಿಲ್ಲ.

ಅನ್ನಪೂರ್ಣ ಹೊಡೆಯಲು ಮಣ್ಣಿನ ಹೆಂಟೆ ಎತ್ತಿದ್ದಳು. ಎಲ್ಲಿಗೆ ಓಡಿಸುವುದೆಂದು ತಿಳಿಯದೆ ಕೆಳಗೆ ಬಿಟ್ಟಳು.

ಮಧ್ಯಾಹ್ನ ಮನೆಗೆ ಬಂದು, ಅಚ್ಚಾದ ಒಪ್ಪಿಗೆಪತ್ರವನ್ನು ಹಾಗೇ ಬಿಟ್ಟು, ಬೇರೆ ಹಾಳೆ ತೆಗೆದು ಬರೆದಳು:

'ಬದುವಿನ ಬೇಲಿಗೆ ನನ್ನ ತಕರಾರಿಲ್ಲ. ಆದರೆ ಹಳ್ಳದಿಂದ ಕಳಕಪ್ಪನವರ ಹೊಲ ಹಾದು ರಸ್ತೆಯಾಚೆಯ ಹುಲ್ಲುಗಾವಲಿನವರೆಗೆ, ಎರಡೂ ಬದಿಗೆ ತಂತಿ ಬಿಗಿದು, ಬಂಡಿ ಹಾಯುವಷ್ಟು ದಾರಿ ಬಿಡಬೇಕು. ಅದಕ್ಕೆ ಬಾಗಿಲು, ಕೀಲಿ ಇರಬಾರದು. ನಾನೂ ಹಾಯುತ್ತೇನೆ, ಚಿಗರಿಯೂ ಹಾಯಲಿ. ದಾರಿಗೆ ಹೋಗುವಷ್ಟು ನೆಲವನ್ನು ಕಳಕಪ್ಪನವರು ನನ್ನ ಹೊಲದಲ್ಲಿ ತೆಗೆದುಕೊಳ್ಳಲಿ. ಇದು ಇಲ್ಲದಿದ್ದರೆ ನನ್ನ ಒಪ್ಪಿಗೆ ಇಲ್ಲ.'

ಕಡೆಯ ಸಾಲನ್ನು ಎರಡು ಸಲ ಓದಿ, ಹೆಸರು ಬರೆದಳು. ಹಿತ್ತಲಲ್ಲಿ ಕಳಕಪ್ಪನ ಹೆಂಡತಿ ಮರಿಯವ್ವ ಯಾರಿಗೋ, "ನಮ್ಮ ನೀರು ಕುಡಿದು ನಮಗ ಅಡ್ಡ ನಿಂದರತಾಳ," ಎನ್ನುತ್ತಿದ್ದಳು. ಅನ್ನಪೂರ್ಣ ಸೆರಗು ಹೊದ್ದು ಮುಂಬಾಗಿಲಿನಿಂದ ಹೊರಬಿದ್ದಳು.

ಅಂಚೆ ಕಚೇರಿಯ ನಜೀರಸಾಬ ಅರಣ್ಯ ಇಲಾಖೆಯ ವಿಳಾಸವಿದ್ದ ಲಕೋಟೆ ತಿರುವಿ ನೋಡಿದ. "ಸಾದಾ ಹಾಕ್ಲೇನವ್ವಾ, ರಿಜಿಸ್ಟರ್ ಮಾಡ್ಲಿ?"

"ರಿಜಿಸ್ಟರ್ ಮಾಡ್ರಿ. ಮುಟ್ಟಿಲ್ಲಂತ ನಾಳೆ ಯಾರೂ ಅನಬಾರದು."

"ಇನ್ನೊಮ್ಮೆ ವಿಚಾರ ಮಾಡ್ತಿಯೇನು? ಮುದ್ರಿ ಬಿದ್ರ ವಾಪಸ್ ಇಲ್ಲ."

"ಬೀಳಲಿ ಬಿಡ್ರಿ, ಅಣ್ಣಾರ."

ನಜೀರಸಾಬ ಮುದ್ರೆ ಒತ್ತಿ ಲಕೋಟೆಯನ್ನು ಚೀಲಕ್ಕೆ ಹಾಕಿದ. ಅವನು ಚೀಲದ ಬಾಯಿ ಕಟ್ಟುವವರೆಗೂ ಅನ್ನಪೂರ್ಣ ಕಿಟಕಿ ಬಿಟ್ಟು ಕದಲಲಿಲ್ಲ.