ಅಪ್ಪನ ಕೋವಿಯ ಸಾಕ್ಷಿ

ತನ್ನ ತಮ್ಮ ಫ್ಲೇವಿಯನ್ ಅಮೆರಿಕದ ಶಾಸನಸಭೆಯೊಂದರಲ್ಲಿ ಮಾತಾಡುತ್ತಾನೆಂದು ಇಗ್ನೇಷಿಯಸ್ ವಾಟ್ಸ್ಯಾಪಿನಲ್ಲಿ ಊರಿಗೆಲ್ಲ ಸಾರಿದ್ದ. ಗುರುವಾರ ಸಂಜೆ ಅದನ್ನು ಟಿವಿಯಲ್ಲಿ ನೋಡಲು ಇಂಗ್ಲಿಷರ ನಾಡಿನ ಹ್ಯಾರೋದ ಅವನ ಮನೆಗೆ ಬಂದದ್ದು ಪಕ್ಕದ ಸ್ಟ್ಯಾನ್ಮೋರಿನ ಉದಯಶಂಕರ್ ಮತ್ತು ಶೋಭಾ ದಂಪತಿ ಮಾತ್ರ. ಅವರು ಮೀನು ಮುಟ್ಟುವುದಿಲ್ಲವೆಂದು ಅವನ ಹೆಂಡತಿ ಇಜಾಬೆಲ್ ಅಲಸಂಡೆ ಪಲ್ಯವನ್ನು ಬೇರೆ ಪಾತ್ರೆಯಲ್ಲಿ ಮಾಡಿ ಮುಚ್ಚಿಟ್ಟಿದ್ದಳು.

ಫ್ಲೇವಿಯನ್ ಯಾವ ವಿಷಯ ಮಾತಾಡುತ್ತಾನೆಂದು ಯಾರೂ ಕೇಳಿರಲಿಲ್ಲ. ನಮ್ಮವನೊಬ್ಬ ದೊಡ್ಡವರ ಮೈಕಿನ ಮುಂದೆ ನಿಂತನೆಂದರೆ ನಮಗೆ ಅಷ್ಟೇ ಸಾಕು.

"ನೋಡಿ ಮಾರಾಯ್ರೆ, ಕೋಟು ಹಾಕಿದ್ದಾನೆ!" ಇಗ್ನೇಷಿಯಸ್ ಟಿವಿಯ ಸದ್ದು ಏರಿಸಿದ.

"ನಿಮಗಿಂತ ಕೂದಲು ಜಾಸ್ತಿ ಇದೆ ಬಿಡಿ," ಎಂದರು ಉದಯಶಂಕರ್.

ಫ್ಲೇವಿಯನ್‌ಗೆ ಅಲ್ಲಿ ಬಂದೂಕು ತಯಾರಿಸುವ ಸಣ್ಣ ಕಾರ್ಖಾನೆಯಿತ್ತು. ಅವನು ಬೆಂಬಲಿಸಲು ಬಂದಿದ್ದ ಮಸೂದೆ ಸರಳವಾಗಿತ್ತು: ರಾಜ್ಯದೊಳಗೇ ತಯಾರಾಗಿ ರಾಜ್ಯದೊಳಗೇ ಉಳಿಯುವ ಬಂದೂಕಿಗೆ ಕೇಂದ್ರದ ಕಾನೂನು ತಾಗುವುದಿಲ್ಲ. ಕೊಳ್ಳುವವನು ಎಂಥವನೆಂದು ವಿಚಾರಿಸಬೇಕಿಲ್ಲ.

"ಭಾರತದಲ್ಲಿ ನನ್ನ ತಂದೆ ಪ್ರತಿ ಚುನಾವಣೆಗೂ ತನ್ನ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಿತ್ತು," ಎಂದ ಫ್ಲೇವಿಯನ್ ಇಂಗ್ಲಿಷಿನಲ್ಲಿ. "ಅತ್ತುಕೊಂಡೇ ಒಪ್ಪಿಸುತ್ತಿದ್ದರು. ಆ ಗುಲಾಮಗಿರಿ ಇಲ್ಲಿಗೆ ಬೇಡ."

ಸಭೆ ಚಪ್ಪಾಳೆ ತಟ್ಟಿತು. ಇಗ್ನೇಷಿಯಸ್‌ನ ಕೈಗಳೂ ಮೇಲೆದ್ದವು, ಶೋಭಾರ ಮುಖ ಕಂಡು ಅಲ್ಲೇ ನಿಂತವು.

ಅವರ ಮಗ ಅನಿರುದ್ಧ ಓದುವುದು ಅದೇ ರಾಜ್ಯದಲ್ಲಿ. ಹೋದ ವರ್ಷ ಕಾಲೇಜಿಗೆ ಬಂದೂಕುಧಾರಿಯೊಬ್ಬ ನುಗ್ಗಿದಾಗ ಲೈಬ್ರರಿಯ ಬಾಗಿಲಿಗೆ ಮೇಜು ಒತ್ತಿ ಕೂತು, ಅಮ್ಮನಿಗೆ ಫೋನು ಮಾಡಿ ಪಿಸುಗುಟ್ಟಿದ್ದ. ಅವನಿಗಾಗಿ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದವನು ಇದೇ ಇಗ್ನೇಷಿಯಸ್. ಇವರು ಏನು ತಿನ್ನುವುದಿಲ್ಲ ಎಂಬುದು ಅವನಿಗೆ ನೆನಪಿತ್ತು. ಇವರ ಮಗ ಎಲ್ಲಿದ್ದಾನೆ ಎಂಬುದು ನೆನಪಿರಲಿಲ್ಲ.

ಭಾಷಣ ಮುಗಿಸಿದ ಫ್ಲೇವಿಯನ್‌ನ ಫೋನು ಬಂತು. ಎಲ್ಲರಿಗೂ ಕೇಳಲಿ ಎಂದು ಮೊದಲೇ ಮಾತಾಗಿದ್ದರಿಂದ ಇಗ್ನೇಷಿಯಸ್‌ನ ಬೆರಳು ತಾನಾಗಿ ಸ್ಪೀಕರ್ ಒತ್ತಿತು.

"ಅಣ್ಣಾ, ಹೇಗಾಯ್ತು? ಎಲ್ಲ ಎಂತ ಹೇಳಿದ್ರು?"

ಇಜಾಬೆಲ್ ಗಂಡನನ್ನೇ ನೋಡುತ್ತಿದ್ದಳು.

"ಚಂದ ಆಯ್ತು ಮಾರಾಯ," ಎಂದ ಇಗ್ನೇಷಿಯಸ್. "ಎಲ್ಲರಿಗೂ ಖುಷಿ."

"ನನ್ನ ಪರವಾಗೂ ನೀವೇ ಖುಷಿ ಪಟ್ಬಿಟ್ರಾ, ಇಗ್ನೇಷಿಯಸ್ ಅವ್ರೇ?" ಶೋಭಾ ಎದ್ದು ಕೋಟು ಹಾಕಿಕೊಂಡರು. ಉದಯಶಂಕರ್ ಕಾರಿನ ಕೀ ತೆಗೆದರು. ಬೈದಿದ್ದರೆ ವಾಸಿಯಿತ್ತು.

"ಯಾರದು?" ಎಂದ ಫ್ಲೇವಿಯನ್.

ಮುಂಬಾಗಿಲು ಮುಚ್ಚಿಕೊಂಡಿತು. ಆಮೇಲಷ್ಟೇ, ಕೇಳಬೇಕಾದವರು ಹೋದ ಮೇಲಷ್ಟೇ, ಇಗ್ನೇಷಿಯಸ್‌ಗೆ ಬಾಯಿ ಬಂತು.

"ಅಪ್ಪ ಅಳಲಿಲ್ಲ, ಫ್ಲೇವಿ. ನಾನು ಜೊತೆಗೆ ಹೋಗ್ತಿದ್ದೆ. ಕೋವಿ ಕೊಟ್ಟು ಹೊರಗೆ ಬಂದು ಸೋಡಾ ಕುಡಿಸ್ತಿದ್ರು. 'ಇನ್ನು ಎಲೆಕ್ಷನ್ ಮುಗಿಯುವವರೆಗೆ ನಮ್ಮನ್ನು ಕಂಡು ಯಾರೂ ಹೆದರುವುದು ಬೇಡ' ಅಂತಿದ್ರು."

ಆ ಕಡೆಯಿಂದ ನಗು ಕೇಳಿಸಿತು. "ಅದನ್ನು ಸಭೆಯಲ್ಲಿ ಹೇಳಿದ್ರೆ ಯಾರು ಚಪ್ಪಾಳೆ ಹೊಡೀತಾರೆ ಅಣ್ಣಾ? ಇರಲಿ ಬಿಡು. ಈ ಮಸೂದೆ ಪಾಸಾಗ್ತದೆ."

"ಈಗ ಹೇಳಿದ್ದನ್ನು ಅವರ ಮನೆಗೆ ಹೋಗಿ ಹೇಳಿ," ಎಂದಳು ಇಜಾಬೆಲ್. ಮುಚ್ಚಳವನ್ನೇ ತೆಗೆಯದ ಪಲ್ಯದ ಪಾತ್ರೆಯನ್ನು ಅವನ ಕೈಗೆ ಕೊಟ್ಟಳು.

ಸ್ಟ್ಯಾನ್ಮೋರಿನಲ್ಲಿ ಅವರ ಮನೆಯ ದೀಪ ಉರಿಯುತ್ತಿತ್ತು. ಇಗ್ನೇಷಿಯಸ್ ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು, ಅದು ತಣ್ಣಗಾಗುವವರೆಗೂ ಕಾರಿನಿಂದ ಇಳಿಯಲಿಲ್ಲ.