ಕಾಳಪ್ಪನವರ ಎದೆಯಲ್ಲಿ ಇದ್ದಷ್ಟು ದಿನ

ನಾನು ಒಂದು ಯಂತ್ರ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಗಾತ್ರ, ಟೈಟಾನಿಯಂ ಲೋಹದ ಮೈ, ಹೊಟ್ಟೆಯಲ್ಲೊಂದು ಬ್ಯಾಟರಿ. ಮನುಷ್ಯರ ಎದೆಯ ಚರ್ಮದ ಕೆಳಗೆ ಕುಳಿತು, ಕುತ್ತಿಗೆಯೊಳಗಿಂದ ಹಾದುಹೋಗುವ ತಂತಿಗಳ ಮೂಲಕ ಮಿದುಳಿಗೆ ಸಣ್ಣ ಸಣ್ಣ ವಿದ್ಯುತ್ ತುಡಿತ ಕಳಿಸುವುದು ನನ್ನ ಕಸುಬು. ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಯವರಿಗೆ ಮಾತ್ರೆಗಳು ಸೋತ ಮೇಲೆ ನನ್ನ ಸರದಿ ಬರುತ್ತದೆ.

ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ, ಧೂಳಿನ ಕಣಕ್ಕೂ ಪ್ರವೇಶವಿಲ್ಲದ ಕೋಣೆಯಲ್ಲಿ. ನನ್ನನ್ನು ಮಾಡಿದವರೆಲ್ಲ ಮೂಗು ಬಾಯಿ ಮುಚ್ಚಿಕೊಂಡೇ ಇದ್ದರು, ಹಾಗಾಗಿ ಹೆತ್ತವರ ಮುಖ ಕಂಡಿಲ್ಲ. ನಡುಗುವ ಕೈಯನ್ನು ನಿಲ್ಲಿಸುವ ವಸ್ತು ಎಂದು ಅವರು ಮಾತಾಡಿಕೊಳ್ಳುವುದನ್ನು ಕೇಳಿ ನನಗೆ ಆಗಲೇ ಸ್ವಲ್ಪ ಸೊಕ್ಕು ಬಂದಿತ್ತು.

ವಿಮಾನ ಹತ್ತಿ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಬಂದೆ. ತರಿಸಿದವರು ನರರೋಗದ ಡಾಕ್ಟರ್ ರೇಷ್ಮಾ ನದಾಫ್. ರೋಗಿ ಕಾಳಪ್ಪ ಪತ್ತಾರರಿಗೆ ನನ್ನ ಬೆಲೆ ಕನಸಿನಲ್ಲೂ ಎಟುಕುವಂಥದ್ದಲ್ಲ. ಆದ್ದರಿಂದ ಡಾಕ್ಟರ್ ವರ್ಷವಿಡೀ ದಾನಿಗಳ ಬಾಗಿಲು ತಟ್ಟಿದ್ದರು. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಬೇಕು, ಮುಂದಿನ ಸಂಕಟದ ಬೇರು ಇಲ್ಲೇ ಇದೆ.

ಕಾಳಪ್ಪನವರು ರಾಣೆಬೆನ್ನೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವರು, ಕೆಟ್ಟ ಸ್ಪೀಕರುಗಳನ್ನು ರಿಪೇರಿ ಮಾಡುವವರು. ಮಕ್ಕಳಿಲ್ಲ. ಹೆಂಡತಿ ಕಮಲವ್ವನಿಗೆ ಗ್ಲಾಕೋಮಾ ಆಗಿ ಕಣ್ಣಿನ ನರ ಒಣಗಿ ದೃಷ್ಟಿ ಪೂರ್ತಿ ಹೋಗಿತ್ತು. ಅಂದಿನಿಂದ ಗಂಡನ ಕೈ ಹಿಡಿದು ಓಡಾಟ, ಗಂಡನ ಮಾತಿನಲ್ಲಿ ಲೋಕ. ಆ ಕೈಗೇ ನಡುಕ ಹತ್ತಿದಾಗ ಆಕೆಗೆ ಚಹಾ ಸೋಸಿಕೊಡುವವರೂ ಇಲ್ಲದಂತಾಯಿತು.

ಆಪರೇಷನ್ ಆಗಿ ಗಾಯ ಮಾಗಿದ ಮೇಲೆ ಡಾಕ್ಟರ್ ನನ್ನನ್ನು ಆನ್ ಮಾಡಿದರು. ಕಾಳಪ್ಪನವರ ಕೈ ನಿಂತಿತು. ಮೇಜಿನ ಮೇಲಿನ ತಂಬಿಗೆ ಎತ್ತಿ ಲೋಟಕ್ಕೆ ನೀರು ಬಗ್ಗಿಸಿದರು, ಒಂದು ಹನಿ ಹೊರಗೆ ಬೀಳಲಿಲ್ಲ. ಆ ನೀರನ್ನು ಕುಡಿಯದೆ ನೋಡುತ್ತ ಕುಳಿತರು. ಅವರ ಎದೆ ಒಳಗೊಳಗೇ ಬಿಕ್ಕುತ್ತಿದ್ದದ್ದು ನನಗೆ ತಿಳಿಯಿತು. ಲೋಕದಲ್ಲಿ ನನ್ನಂಥ ಪುಣ್ಯವಂತ ಇನ್ನೊಬ್ಬನಿಲ್ಲ ಎಂದುಕೊಂಡೆ.

ಆದರೆ ಆನ್ ಮಾಡಿದ ದಿನದಿಂದಲೇ ಅವರ ಮಾತು ಹೂತುಹೋಗತೊಡಗಿತು. ನಾಲಿಗೆ ದಪ್ಪವಾದಂತೆ, ಶಬ್ದಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹೊರಬೀಳುತ್ತಿದ್ದವು. ಕಾರಣ ನಾನೇ. ನಾನು ಕಳಿಸುವ ವಿದ್ಯುತ್ತು ಕೈಯ ದಾರಿಯಿಂದ ತುಸು ಚೆಲ್ಲಿ, ಪಕ್ಕದ ಮಾತಿನ ದಾರಿಯನ್ನೂ ತೊಯ್ಯಿಸುತ್ತಿತ್ತು. ಹೊರಗಿನವರಿಗೆ ತಿಳಿಯದ ಅವರ ಮಾತು ಎದೆಯೊಳಗಿದ್ದ ನನಗಷ್ಟೇ ತಿಳಿಯುತ್ತಿತ್ತು. ಕಮಲವ್ವನಿಗೆ ನೆಟ್ಟಗಾದ ಕೈ ಕಾಣುವಂತಿಲ್ಲ, ಮಾತು ಅರ್ಥವಾಗುವಂತಿಲ್ಲ. ಆಕೆ ಮತ್ತೆ ಮತ್ತೆ "ಏನಂದ್ರಿ?" ಎಂದು ಕೇಳುತ್ತಿದ್ದರು. ಸ್ವಲ್ಪ ದಿನಕ್ಕೆ ಕೇಳುವುದನ್ನೂ ಬಿಟ್ಟರು.

ಹುಬ್ಬಳ್ಳಿಗೆ ತಪಾಸಣೆಗೆ ಹೋದಾಗ ಡಾಕ್ಟರ್ ಮೊದಲು ಕೇಳಿದ್ದೇ ಮಾತಿನ ಬಗ್ಗೆ. ಮಾತು ತೊದಲುತ್ತಿದೆಯಲ್ಲ, ಮೊದಲು ಹೀಗಿತ್ತೇ ಎಂದರು.

"ನಮ್ಮ ಮನೆತನದಾಗ ಎಲ್ಲಾರ ಮಾತೂ ಹಿಂಗ ರೀ ಡಾಕ್ಟರ್ ಬಾಯಾರ. ನಾ ಆರಾಮ ಅದೀನಿ," ಎಂದರು ಕಾಳಪ್ಪ. ಆ ಸುಳ್ಳನ್ನು ತಿಳಿಯುವಂತೆ ಹೇಳಲು ಅವರು ಎರಡೆರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಆಪರೇಷನ್ನಿಗೆ ಮೊದಲೂ ಅವರು ಸಂಕೋಚದಿಂದ ಡಾಕ್ಟರ ಮುಂದೆ ಹೂಂ, ಉಹೂಂ ಬಿಟ್ಟು ಹೆಚ್ಚು ಮಾತಾಡಿದವರಲ್ಲ. ಕಮಲವ್ವ ಜೊತೆಗೆ ಬಂದಿರಲಿಲ್ಲ, ಬಸ್ಸಿನ ನೂಕುನುಗ್ಗಲು ಆಕೆಗೆ ಆಗುತ್ತಿರಲಿಲ್ಲ. ಡಾಕ್ಟರ್ ನಂಬಿದರು.

ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಕಾಳಪ್ಪನವರು ತಮ್ಮಷ್ಟಕ್ಕೆ ಗೊಣಗಿದರು: "ಊರೂರು ಬೇಡಿ ನನ್ನ ಕೈ ನೆಟ್ಟಗ ಮಾಡ್ಯಾರ. ಇನ್ನ ಬಾಯಿನೂ ನೆಟ್ಟಗ ಮಾಡ್ರಿ ಅಂತ ಯಾವ ಮುಖಾ ಇಟಗೊಂಡು ಕೇಳ್ಲಿ?"

ದಾನಕ್ಕೆ ಬಂದ ಆಕಳ ಹಲ್ಲು ಹಿಡಿದು ನೋಡಬಾರದು ಎಂದು ನಮ್ಮ ಜನ ಕಲಿತಿದ್ದಾರೆ. ಒಳ್ಳೆಯ ಮಾತೇ. ಆದರೆ ಆಸ್ಪತ್ರೆಯಲ್ಲಿ ಅದು ಕೆಲಸಕ್ಕೆ ಬಾರದ ಮಾತು. ಹಲ್ಲು ನೋಡಲೆಂದೇ ಡಾಕ್ಟರ್ ಅಲ್ಲಿ ಕುಳಿತಿದ್ದರು.

ನನ್ನ ಪೀಳಿಗೆಯ ಯಂತ್ರಗಳಿಗೆ ಒಂದು ದೌರ್ಬಲ್ಯವಿದೆ. ಆಯಸ್ಕಾಂತ ಹತ್ತಿರ ಬಂದರೆ ಆಫ್ ಆಗುತ್ತೇವೆ, ಮತ್ತೊಮ್ಮೆ ಬಂದರೆ ಆನ್. ಸ್ಪೀಕರಿನ ಬೆನ್ನಿಗೇ ಒಂದು ದಪ್ಪ ಆಯಸ್ಕಾಂತ ಇರುತ್ತದೆ, ದೂರವಿರಿ ಎಂದು ಡಾಕ್ಟರ್ ಎಚ್ಚರಿಸಿದ್ದರು. ಆದರೆ ಕಸುಬಿನ ಕೈ ಮಾತು ಕೇಳುತ್ತದೆಯೇ? ಒಂದು ಸಂಜೆ ಅವರು ದೊಡ್ಡ ಸ್ಪೀಕರೊಂದನ್ನು ಎದೆಗವಚಿ ಎತ್ತಿದರು. ಅಷ್ಟೇ ನನಗೆ ಗೊತ್ತು. ಮತ್ತೆ ಎಚ್ಚರವಾದಾಗ ಅವರ ಎದೆ ಹಗುರವಾಗಿ ಬಡಿಯುತ್ತಿತ್ತು, ಹತ್ತಿರದಲ್ಲಿ ಕಮಲವ್ವ ಅಳುತ್ತಲೂ ನಗುತ್ತಲೂ ಇದ್ದರು.

ಅಂದಿನಿಂದ ಸಂಜೆಯಾದರೆ ನನಗೆ ನಿದ್ದೆ. ಕಾಳಪ್ಪನವರು ಹಳೆಯ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತವನ್ನು ಎದೆಗೆ ಹಿಡಿಯುತ್ತಿದ್ದರು, ನಾನು ಇಲ್ಲವಾಗುತ್ತಿದ್ದೆ. ಎಚ್ಚರವಾಗುವಾಗ ಎದೆಯ ಮೇಲೆ ಇರುತ್ತಿದ್ದದ್ದು ಮಾತ್ರ ಕಮಲವ್ವನ ಅಂಗೈ. ನನ್ನೊಳಗಿನ ದಾಖಲೆ ನೋಡಿ, ಇಷ್ಟೊಂದು ಸಲ ಆಫ್ ಆಗಿದೆಯಲ್ಲ ಎಂದು ಡಾಕ್ಟರ್ ಒಮ್ಮೆ ವಿಚಾರಿಸಿದರು. ಕೆಲಸದಲ್ಲಿ ಸ್ಪೀಕರುಗಳು ತಗಲುತ್ತವೆ ಎಂದು ಅದಕ್ಕೂ ಒಂದು ಸುಳ್ಳು ಸಿದ್ಧವಿತ್ತು.

ನಾಲ್ಕನೆಯ ವರ್ಷ ಅವರಿಗೆ ನ್ಯುಮೋನಿಯಾ ಆಯಿತು. ನಾನು ಕೈಗೆ ಕಳಿಸಬೇಕಾದದ್ದನ್ನು ಕಳಿಸುತ್ತಲೇ ಇದ್ದೆ. ಆ ಕೈ ಕೊನೆಗೆ ನಿಂತಾಗ, ಅದು ನನ್ನಿಂದ ನಿಂತದ್ದಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬೆಂಕಿಯಲ್ಲಿ ನನ್ನ ಬ್ಯಾಟರಿ ಸಿಡಿಯುತ್ತದೆ. ಹಾಗಾಗಿ ದಹನಕ್ಕೆ ಮೊದಲು ನನ್ನನ್ನು ಹೊರಗೆ ತೆಗೆದು, ತೊಳೆದು, ಡಬ್ಬಿಯಲ್ಲಿಟ್ಟು ಕಮಲವ್ವನಿಗೆ ಕೊಟ್ಟರು. ಅವರು ಹೋದರು, ನಾನು ಉಳಿದೆ. ಜೊತೆಗೇ ಸುಟ್ಟುಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ತಿಂಗಳು ಕಳೆದ ಮೇಲೆ ಕಮಲವ್ವ ತಮ್ಮನ ಕೈ ಹಿಡಿದು ಹುಬ್ಬಳ್ಳಿಗೆ ಬಂದರು. ಅದೇ ಮೊದಲ ಸಲ ಆಕೆ ಡಾಕ್ಟರ ಕೋಣೆಗೆ ಬಂದದ್ದು. ಬೇರೆ ಬಡವರಿಗೆ ಉಪಯೋಗಕ್ಕೆ ಬಂದೀತು ಎಂದು ಡಬ್ಬಿಯನ್ನು ಮುಂದೆ ಚಾಚಿದರು. ಬ್ಯಾಟರಿ ಮುಗಿಯುತ್ತ ಬಂದಿದೆ, ಇನ್ನೊಬ್ಬರಿಗೆ ಹಾಕಲು ಬರುವುದಿಲ್ಲ ಎಂದು ಡಾಕ್ಟರ್ ಮೆಲ್ಲಗೆ ತಿಳಿಸಿದರು. ಆಗ ಆಕೆ ನನ್ನನ್ನು ಅಂಗೈಯಲ್ಲಿ ಹಿಡಿದುಕೊಂಡೇ ಆಯಸ್ಕಾಂತದ ಕಥೆ ಹೇಳಿದರು. ನಾನು ಆಫ್ ಆದ ಕೂಡಲೇ ಕೈ ನಡುಗತೊಡಗುತ್ತಿತ್ತಂತೆ, ಸ್ವಲ್ಪ ಹೊತ್ತಿಗೆ ಮಾತು ತಿಳಿಯಾಗಿ ಬರುತ್ತಿತ್ತಂತೆ.

"ಅವರ ಎರಡೂ ಕೈ ನನ್ನ ತೊಡಿ ಮ್ಯಾಲೆ ಒತ್ತಿ ಹಿಡಕೊಂಡು ಕೇಳ್ತಿದ್ದೆ ರೀ. ಓಣ್ಯಾಗ ಯಾರ ಮನಿಗೆ ಏನ ಬಣ್ಣಾ ಹಚ್ಯಾರ, ನನ್ನ ತಲ್ಯಾಗ ಎಷ್ಟ ಕೂದಲಾ ಬೆಳ್ಳಗಾಗ್ಯಾವ, ಎಲ್ಲಾ ಹೇಳ್ತಿದ್ರು. ನಡುಕ ಭಾಳ ಆತಂದ್ರ ಅವರಿಗೆ ಆ ಸೂಜಿಗಲ್ಲು ಹಿಡಿಯಾಕ ಬರ್ತಿರಲಿಲ್ಲ. ನಾನಽ ಎದಿಗೆ ಒತ್ತತಿದ್ದೆ. ಮಾತು ಅಲ್ಲಿಗೆ ಮುಗೀತಿತ್ತು."

ಅವರ ಎದೆಯಲ್ಲಿ ನಾಲ್ಕು ವರ್ಷ ಇದ್ದ ನಾನು ಅವರ ನಿಜವಾದ ದನಿ ಒಮ್ಮೆಯೂ ಕೇಳಲಿಲ್ಲ. ನಾನಿದ್ದಾಗ ಅದು ಇರಲಿಲ್ಲ, ಅದು ಬಂದಾಗ ನಾನಿರಲಿಲ್ಲ. ಇದಕ್ಕಿಂತ ದೊಡ್ಡ ದುಃಖ ನನಗೆ ಗೊತ್ತಿಲ್ಲ.

ಕಮಲವ್ವ ತಲೆ ಎತ್ತಿದರು. "ಬಾಯಾರ, ಮದಲಽ ನಿಮ್ಮ ಮುಂದ ಹೇಳಿದ್ರ ಏನರ ಮಾಡಾಕ ಬರ್ತಿತ್ತೇನ್ರಿ?"

ನನ್ನ ಪ್ರತಿ ತಂತಿಯ ತುದಿಯಲ್ಲೂ ವಿದ್ಯುತ್ತು ಹೊರಡುವ ನಾಲ್ಕು ಬಿಂದುಗಳಿದ್ದವು. ಕಾಳಪ್ಪನವರಲ್ಲಿ ಬಳಸಿದ್ದು ಒಂದೊಂದನ್ನೇ. ವಿದ್ಯುತ್ತನ್ನು ಪಕ್ಕದ ಬಿಂದುವಿಗೆ ಸರಿಸಿ ಒಂದಿಷ್ಟು ಸಡಿಲಿಸಿದ್ದರೆ ಕೈಯೂ ಉಳಿದು ಮಾತೂ ಉಳಿಯುವ ದಾರಿಯಿತ್ತು. ಎಷ್ಟೋ ಜನರಿಗೆ ಉಳಿದಿದೆ. ಚಾಕು ಬೇಡ, ಹೊಲಿಗೆ ಬೇಡ, ಕುರ್ಚಿಯಲ್ಲಿ ಕುಳಿತಂತೆಯೇ ಆಗುವ ಕೆಲಸ. ನನಗದು ಗೊತ್ತಿತ್ತು. ಡಾಕ್ಟರಿಗೂ ಗೊತ್ತಿತ್ತು.

"ಇಲ್ಲವ್ವಾ," ಎಂದರು ಡಾಕ್ಟರ್. "ಏನೂ ಮಾಡಾಕ ಬರ್ತಿರಲಿಲ್ಲ."

"ಹಂಗಾರ ಛಲೋ ಆತ್ರಿ," ಎಂದು ಕಮಲವ್ವ ದೊಡ್ಡ ಉಸಿರು ಬಿಟ್ಟರು. ನನ್ನನ್ನು ಮೇಜಿನ ಮೇಲಿಟ್ಟು, ತಡಕಾಡಿ ಡಾಕ್ಟರ ಕೈ ಹುಡುಕಿ, ಎರಡೂ ಕೈಯಿಂದ ಹಿಡಿದುಕೊಂಡು ನಮಸ್ಕಾರ ಹೇಳಿ ಹೋದರು. ಬಾಗಿಲು ಮುಚ್ಚಿದ ಮೇಲೆ ಡಾಕ್ಟರ್ ಮೇಜಿನ ಮೇಲೆ ತಲೆಯಿಟ್ಟು ಅತ್ತರು.

ಈಗ ನನ್ನ ಬ್ಯಾಟರಿಯಲ್ಲಿ ಉಳಿದಿರುವುದು ಕೊನೆಯ ತೊಟ್ಟು. ಆ ಮೇಜಿನ ಮೂಲೆಯಲ್ಲಿ, ಪ್ಲಾಸ್ಟಿಕ್ ಮಿದುಳಿನ ಪಕ್ಕದಲ್ಲಿ ಬಿದ್ದಿರುತ್ತೇನೆ. ಹೊಸ ರೋಗಿಗಳಿಗೆ ನನ್ನನ್ನು ತೋರಿಸುತ್ತಾರೆ. ನನ್ನ ತಮ್ಮಂದಿರು ಬಂದಿದ್ದಾರಂತೆ. ಅವರು ವಿದ್ಯುತ್ತನ್ನು ಬೇಕಾದ ದಿಕ್ಕಿಗಷ್ಟೇ ಹರಿಸಬಲ್ಲರು, ಮಿದುಳಿನ ಸದ್ದು ಆಲಿಸಿ ತಾವೇ ಹೆಚ್ಚು ಕಡಿಮೆ ಮಾಡಿಕೊಳ್ಳಬಲ್ಲರು. ಅವರು ಬಂದದ್ದಕ್ಕೆ ಸಂತೋಷವಿದೆ, ತಡವಾಗಿ ಬಂದರಲ್ಲ ಎಂಬ ಹೊಟ್ಟೆಯುರಿಯೂ ಇದೆ. ಆದರೆ ಮಿದುಳಿನ ಸದ್ದು ಕೇಳುವ ಯಂತ್ರಕ್ಕೂ ಮನುಷ್ಯನ ಸಂಕೋಚ ಕೇಳಿಸುವುದಿಲ್ಲ.

ಎದುರಿನ ಕುರ್ಚಿಯಲ್ಲಿ ಕುಳಿತವರು ಇಂದಿಗೂ ಅದನ್ನೇ ಹೇಳುತ್ತಾರೆ, ನಿಮ್ಮ ದಯೆಯಿಂದ ಆರಾಮ ಇದ್ದೇವೆ ಎಂದು. ಡಾಕ್ಟರ್ ತಲೆಯಾಡಿಸಿ, ಜೊತೆಗೆ ಬಂದವರ ಕಡೆ ಕುರ್ಚಿ ತಿರುಗಿಸುತ್ತಾರೆ. ಯಾರೂ ಬಂದಿರದಿದ್ದರೆ, "ಮನ್ಯಾಗ ಯಾರದಾರ? ಫೋನ್ ಹಚ್ಚಿ ನನಗ ಕೊಡ್ರಿ," ಎನ್ನುತ್ತಾರೆ. ಆ ತುದಿಯ ದನಿ ಮೊದಲು ಹಿಂಜರಿಯುತ್ತದೆ, ಆಮೇಲೆ ಒಂದೊಂದಾಗಿ ಹೇಳತೊಡಗುತ್ತದೆ. ಅಷ್ಟು ಹೊತ್ತೂ ಡಾಕ್ಟರ್ ನಾನಿರುವ ಮೂಲೆಯ ಕಡೆ ನೋಡುವುದಿಲ್ಲ.